ಬಿಡುವ ತನಕದ್ದು

‘ನಮ್ಮ ಕಕ್ಷಿದಾರರ ನಿರ್ದೇಶನದ ಮೇರೆಗೆ’
ಎಂದು ಕೈ ತಾನಾಗಿ ಬರೆಯಿತು,
ಮೂವತ್ತೆರಡು ವರ್ಷದ ರೂಢಿ.
ಹೊಡೆದು ಹಾಕಿದೆ.
ಈ ಸಲ ಕಕ್ಷಿದಾರ ನಾನೇ.
ನಿರ್ದೇಶನ ಯಾರದು ಅಂದರೆ
ಸಿಟ್ಟಿನದು ಅನ್ನಬೇಕು.

ಶ್ರೀಮತಿ ಮೋತಿಬಾಯಿ ತಾಂಡೇಲ, ಮೀನು ವ್ಯಾಪಾರ, ಬೈತಕೋಲ.
ಬಿಣಗಾದ ತಿರುವಿನಲ್ಲಿ ಜಲ್ಲಿ ಲಾರಿ
ನಿನ್ನ ಗಂಡನನ್ನು ಸೈಕಲ್ಲಿನ ಸಮೇತ ಒರೆಸಿ ಹೋದ ಮೇಲೆ
ನಾಲ್ಕು ವರ್ಷ, ಮೂವತ್ತೊಂದು ತಾರೀಕು
ನಿನ್ನ ಪರ ನಿಂತವ ನಾನು.
ಕ್ಲೀನರನ ಪಾಟೀಸವಾಲಿನಲ್ಲಿ
‘ಹಾರ್ನ್ ಹೊಡೀಲಿಲ್ಲ ಸ್ವಾಮಿ’ ಎಂಬ ನಾಲ್ಕು ಶಬ್ದ
ಅವನ ಬಾಯಿಂದಲೇ ಬಿಡಿಸಿದವ ನಾನು.
ಮಧ್ಯಾಹ್ನ ಮೂರೂಕಾಲು. ನಿದ್ದೆಗಣ್ಣಿನ ಜಡ್ಜರು
ಪೆನ್ನು ಎತ್ತಿಕೊಂಡರು.
ಅಂಥ ಮಧ್ಯಾಹ್ನ ಒಬ್ಬ ವಕೀಲನಿಗೆ ಎಷ್ಟು ಸಿಗುತ್ತವೆ?

ವಿಮೆಯವರು ಆರು ಲಕ್ಷ ಅಂದರು.
ತಗೋ ಅಂದೆ.
ನೀನು ವರಾಂಡದಲ್ಲಿ, ನಾಲ್ಕು ಜನರೆದುರು,
ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂದೆ:
‘ಹರಾಜಿನಲ್ಲಿ ಮೊದಲ ಕೂಗಿಗೇ ಬುಟ್ಟಿ ಬಿಡುವವಳು
ಮಾರ್ಕೆಟ್ಟಿನಲ್ಲಿ ಉಳಿಯೂದಿಲ್ಲ ವಕೀಲ್ರೇ.
ನಿಮಗೇನು ಅವಸರ?’

ಅವಸರ ಇತ್ತು. ಹೇಳಲಿಲ್ಲ.
ಮರುದಿನವೇ ನಿವೃತ್ತಿ ಮೆಮೋ ಹಾಕಿದೆ.
‘ಪರಸ್ಪರ ವಿಶ್ವಾಸದ ಕೊರತೆಯಿಂದಾಗಿ’ ಎಂದು ಬರೆದೆ.
ಅದರಲ್ಲಿ ಪರಸ್ಪರ ಎಂಬುದು ಸುಳ್ಳು.

ಈಗ ಕೇಳುತ್ತೇನೆ, ಲೋಕ ಅದಾಲತ್ತಿನಲ್ಲಿ
ಹನ್ನೊಂದೂವರೆ ಲಕ್ಷಕ್ಕೆ ರಾಜಿಯಾಯಿತಂತೆ.
ವಾದ ಮಾಡಿದ್ದು ಚಿತ್ತಾಕುಲದ ಒಂದು ಹುಡುಗಿ,
ನನ್ನ ಕರಿ ಕೋಟಿನಷ್ಟೂ ವಯಸ್ಸಿಲ್ಲ.
ಏನೂ ಮಾಡಲಿಲ್ಲವಂತೆ ಅವಳು,
ನನ್ನ ಪಾಟೀಸವಾಲಿನ ಪುಟ ತೆಗೆದು ನಿಧಾನ ಓದಿದಳಂತೆ,
ಕೊನೆಯ ನಾಲ್ಕು ಶಬ್ದ ಎರಡು ಸಲ.

ಹಾಗಾದರೆ ಆ ಹಣದಲ್ಲಿ ನನ್ನದೆಷ್ಟು?
ಶೇಕಡಾ ಕೇಳುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ.
ಕಡತ ಹಿಡಿದು ಕೂಡುವ ಹಾಗೂ ಇಲ್ಲ,
ಆದರೂ ಹದಿನೇಳು ದಿನ ಹಿಡಿದಿದ್ದೆ.
ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೇಳಬಹುದು.
ಆದರೆ ನನ್ನ ಮಾತು ಕೇಳಿದ್ದರೆ
ಐದೂವರೆ ಲಕ್ಷ ಕಾಳಿ ನದಿಯ ಪಾಲು.
ಅದನ್ನು ಯಾವ ಕಲಮಿನಲ್ಲಿ ಬರೆಯಲಿ?

ನೋಟೀಸು ಮೇಜಿನ ಮೇಲೇ ಇತ್ತು.
ಅಷ್ಟರಲ್ಲಿ ನೀನೇ ಬಂದೆ,
ಖಾಲಿ ಬುಟ್ಟಿ ಹೊರಗಿಟ್ಟು, ಚಪ್ಪಲಿ ಅದರ ಪಕ್ಕ.
ಕುಳಿತುಕೊಳ್ಳದೆ, ಬ್ಲೌಸಿನೊಳಗಿನ ಪರ್ಸಿನಿಂದ
ಒದ್ದೆ ವಾಸನೆಯ ನೋಟುಗಳನ್ನು ಎಣಿಸಿದೆ.
‘ರಸೀದಿ ಬರೀರಿ.’
ಏನಂತ ಬರೆಯಲಿ, ಕೇಳಿದೆ.
‘ಬಿಟ್ಟಿದ್ದಕ್ಕಲ್ಲ,
ಬಿಡುವ ತನಕದ್ದಕ್ಕೆ.’

ಡ್ರಾಯರಿನಲ್ಲಿ ನಿನ್ನ ಗಂಡನ ಬಂದರು ಪಾಸು ಉಳಿದಿತ್ತು,
ಲ್ಯಾಮಿನೇಶನ್ನಿನ ಅಂಚು ಬಿಟ್ಟದ್ದು.
ಕೊಟ್ಟೆ. ಫೋಟೋದ ಮುಖವನ್ನು ಹೆಬ್ಬೆರಳಿನಿಂದ ಒರೆಸಿದೆ ನೀನು,
ನನ್ನ ಮುಖ ನೋಡಲಿಲ್ಲ.

ನೀನು ಹೋದ ಮೇಲೆ ಎಣಿಸಿದರೆ
ನೋಟೀಸಿನ ಮೊತ್ತಕ್ಕೆ ಹೆಚ್ಚೂಕಡಿಮೆ ಸರಿ.
ಕಡಿಮೆ ಬಿದ್ದದ್ದಕ್ಕೆ ಲೆಕ್ಕದ ಚೀಟಿ ಇತ್ತು,
ಮಗಳ ಕೈಬರಹ, ಶಾಲೆಯ ನೀಟು ಅಕ್ಷರ:
ನಾಲ್ಕು ವರ್ಷ ತಾರೀಕು ತಾರೀಕಿಗೆ
ವಕೀಲರ ಮನೆಗೆ ಒಯ್ದ ತಿಸ್ರಿ, ಮೂವತ್ತೊಂದು ಪಾಲು.
ಒಂದು ಸಲ ಇಸೋಣ, ದೊಡ್ಡದು.
ವಜಾ.

ನ್ಯಾಯವೇ.
ತಿಸ್ರಿಗೆ ಮಾತ್ರ ಈ ವರ್ಷದ ರೇಟು ಹಾಕಿದ್ದಳು.